ಪರೀಕ್ಷೆಗೊಂದು ಹೆಣ

ಆ ಬೇಸಿಗೆಯೆಲ್ಲ ಪಾಪಯ್ಯ ಹೆಣವಾಗಿದ್ದ.

ಅಂತಿಂಥ ಹೆಣವಲ್ಲ, ದಿನಗೂಲಿ ಹೆಣ. ಬಿಸಿಲೇರುವ ಹೊತ್ತಿಗೆ ಬಾವಿಯ ತಳಕ್ಕಿಳಿದು ಮಲಗಬೇಕು. ಊರ ಹುಡುಗರು ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಬಂದು ಅವನನ್ನು ಹುಡುಕಿ ಎತ್ತಬೇಕು. ಎತ್ತಿದವನು ಪಾಸು. ಎತ್ತಿಸಿಕೊಂಡವನು ಮತ್ತೆ ಇಳಿದು ಮಲಗಬೇಕು. ಸತ್ತ ಮೇಲೂ ಕೂಲಿ ತಪ್ಪದ ಮನುಷ್ಯ ನೀನೊಬ್ಬನೇ ಕಣೋ ಎಂದು ನಾನು ಅವನನ್ನು ರೇಗಿಸುತ್ತಿದ್ದೆ. ಅವನು ಒದ್ದೆ ಗೋಣಿಯಿಂದ ಹೊಡೆಯಲು ಬರುತ್ತಿದ್ದ.

ನಮ್ಮೂರು, ತಮಿಳುನಾಡಿಗೆ ಸೇರಿದ ಕನ್ನಡದ ಊರು, ರಾಯಕೋಟೆಯಿಂದ ಹೊಸೂರಿಗೆ ಹೋಗುವ ರಸ್ತೆಯಲ್ಲಿ, ಬಸ್ಸು ನಿಂತೂ ನಿಲ್ಲದ ಹಾಗೆ ನಿಲ್ಲುವ ಒಂದು ತಿರುವು. ತಿರುವಿನ ಮೇಲೆ ಊರು, ಕೆಳಗೆ ನಮ್ಮ ಕೇರಿ, ನಡುವೆ ಮೆಟ್ಟಿಲ ಬಾವಿ. ಕೋಟೆ ಕಟ್ಟಿದ ಕಾಲದ್ದು. ಬಾವಿ ಅನ್ನುವುದಕ್ಕಿಂತ ಕಲ್ಲು ಕಟ್ಟಿದ ಕೊಳ ಅನ್ನಬಹುದು; ಮೂರು ಕಡೆಯಿಂದ ಮೆಟ್ಟಿಲು, ಪಡುವಣಕ್ಕೆ ನೇರ ಗೋಡೆ, ಭಾರೀ ಆಳ. ಬೇಸಿಗೆಯಲ್ಲಿ ಊರ ಮಿಕ್ಕ ಬಾವಿಗಳು ಕೆಸರು ಕಾರುವಾಗ ಇದೊಂದೇ ಕುಡಿಯುವ ನೀರು. ಊರಿನವರು ಮೆಟ್ಟಿಲಿಳಿದು ತುಂಬಿಕೊಳ್ಳುತ್ತಿದ್ದರು. ನಮ್ಮ ಹೆಂಗಸರು ಮೇಲೆ ನಿಂತು ಬೇಡಿದರೆ, ಮನಸ್ಸು ಬಂದವರು ಎತ್ತರದಿಂದ ಹುಯ್ಯುತ್ತಿದ್ದರು. ಮನಸ್ಸು ಬರದ ದಿನ ಕಲ್ಲುಗಣಿಯ ಗುಂಡಿಯೇ ಗತಿ.

ಕೇರಿಯವರಿಗೆ ಆ ನೀರಿಗಿಳಿಯುವ ಭಾಗ್ಯ ಎರಡೇ ಕಾರಣಕ್ಕೆ ಬರುತ್ತಿತ್ತು. ಊರವರ ಹಂಡೆ ಬಿದ್ದು, ಪಾತಾಳಗರಡಿಯ ಕೊಕ್ಕೆಗೂ ಸಿಕ್ಕದೆ ಹೋದಾಗ. ಇಲ್ಲವೇ ಊರವರೇ ಬಿದ್ದಾಗ. ಆಗ ಪಾಪಯ್ಯನ ಗುಡಿಸಲ ಮುಂದೆ ಓಡಿಬಂದು ಕೂಗು: “ಪಾಪಯ್ಯನ್ನ ಕರೀರಲಾ, ಪಾಪಯ್ಯನ್ನ!” ಅವನು ಇಳಿದು, ಎತ್ತಿ, ಮೇಲೆ ಬಂದ ಮೇಲೆ ಬಾವಿಗೆ ಶುದ್ಧಿ. ಹೆಣ ಬಿದ್ದದ್ದಕ್ಕೆ ಒಂದು ಚೆಂಬು ಅರಿಸಿನದ ನೀರು. ಪಾಪಯ್ಯ ಇಳಿದದ್ದಕ್ಕೆ ಒಂದು ಹಂಡೆ.

ಪಾಪಯ್ಯ ಮುಳುಗುವುದನ್ನು ಕಲಿತದ್ದು ಕಲ್ಲುಗಣಿಯಲ್ಲಿ. ನೀರಿಗೆ ಬಿದ್ದ ಉಳಿ, ಸುತ್ತಿಗೆ ತಾರದಿದ್ದರೆ ಕೂಲಿಯಿಲ್ಲ ಎಂದು ಮೇಸ್ತ್ರಿ ಅವನನ್ನು ಗುಂಡಿಗೆ ನೂಕಿದ್ದ. ಅದೇ ಅವನ ಕಾಲೇಜು. ಕಂಕುಳಲ್ಲಿ ಒಂದು ಗುಂಡುಕಲ್ಲು, ಸೊಂಟಕ್ಕೆ ಹಗ್ಗ, ಹಗ್ಗದ ಇನ್ನೊಂದು ತುದಿ ಹೆಂಡತಿ ಅಂಜಮ್ಮನ ಮುಂಗೈಗೆ. ಕಲ್ಲಿನ ಭಾರಕ್ಕೆ ಸರ್ರನೆ ಇಳಿಯುವುದು. ಕಿವಿಗೆ ಮೊಳೆ ಹೊಡೆದ ಹಾಗಾಗುತ್ತಿತ್ತು. ಎಡಗಿವಿ ಹೊಡೆಸಿಕೊಂಡು ಹೊಡೆಸಿಕೊಂಡು ಕಿವುಡಾಗಿತ್ತು. ಮೇಲೆ ಬಂದಾಗ ಮೂಗಿನಲ್ಲಿ ರಕ್ತ. ಹೆಣವನ್ನು ಕೂದಲು ಹಿಡಿದು ಎತ್ತಬೇಕು. ಹಳೆಯ ಹೆಣವಾದರೆ ಕೂದಲು ಮಾತ್ರ ಕೈಗೆ ಬರುತ್ತದೆ. ಆಮೇಲೆ ತಬ್ಬಿಕೊಂಡೇ ತರಬೇಕು. ಅಂಥ ದಿನ ಅಂಜಮ್ಮ ಅವನ ತಟ್ಟೆಗೆ ಮುದ್ದೆ ಇಡುತ್ತಲೇ ಇರಲಿಲ್ಲ. ಇಟ್ಟರೂ ಕೈ ಬಾಯಿಗೆ ಹೋಗುತ್ತಿರಲಿಲ್ಲ.

ಇಷ್ಟಾದರೂ ಅವನು ಸಾಧುವಲ್ಲ. ಮಹಾ ಜಂಬಗಾರ. “ಈ ಸೀಮೇಲಿ ಮೀನ್ ಬಿಟ್ರೆ ನಾನೇ ಕಣ್ಲಾ. ಮೀನೂ ಒಂದೊಂದ್ ಸಲ ನನ್ನ ದಾರಿ ಕೇಳ್ತೈತೆ,” ಅನ್ನುತ್ತಿದ್ದ.

ಎಂಬತ್ತಮೂರರ ಬೇಸಿಗೆಯಲ್ಲಿ ಸುದ್ದಿ ಬಂತು. ಹೊಸ ಅಣೆಕಟ್ಟಿನಲ್ಲಿ ಒಬ್ಬ ಮುಳುಗಾಳು ಬೇಕು. ತೂಬಿನ ಬಾಗಿಲಿಗೆ ಸಿಕ್ಕಿಕೊಳ್ಳುವ ಕಸ ತೆಗೆಯಬೇಕು, ನೀರಿಗೆ ಬಿದ್ದವರನ್ನು ಎತ್ತಬೇಕು. ಖಾಯಂ ಕೆಲಸ, ಖಾಕಿ ಬಟ್ಟೆ. ಪಾಪಯ್ಯ ಅವತ್ತೇ ಕ್ಷೌರ ಮಾಡಿಸಿಕೊಂಡ. ಖಾಕಿಯೊಳಗೆ ಆಗಲೇ ಕಾಲಿಟ್ಟಾಗಿತ್ತು.

ಆದರೆ ಕೆಲಸಕ್ಕೆ ಸರ್ಟಿಫಿಕೇಟು ಬೇಕಿತ್ತು. ಸರ್ಟಿಫಿಕೇಟಿಗೆ ತರಬೇತಿ, ತರಬೇತಿಗೆ ಎಂಟನೇ ಕ್ಲಾಸು. ಪಾಪಯ್ಯ ಎಂಟನೇ ಕ್ಲಾಸಿನ ಗೋಡೆಯನ್ನು ಹೊರಗಿನಿಂದ ನೋಡಿದ್ದ; ಅದಕ್ಕೆ ಕಲ್ಲು ಹೊತ್ತವನು ಅವನೇ.

ಮದರಾಸಿನಿಂದ ಒಬ್ಬ ಮಾಸ್ಟರು ಬಂದರು. ಹಿಂದೆ ಹಡಗಿನಲ್ಲಿದ್ದವರಂತೆ. ನೀರು ತಿಳಿಯಾಗಿದೆ, ಆಳವಿದೆ ಎಂದು ನಮ್ಮ ಮೆಟ್ಟಿಲ ಬಾವಿಯನ್ನೇ ಆರಿಸಿಕೊಂಡರು. ಕಲಿಯಲು ಕೂತವರೆಲ್ಲ ಊರ ಹುಡುಗರು. ಅವರಲ್ಲಿ ಮೊದಲಿಗ ಪಂಚಾಯತಿ ಅಧ್ಯಕ್ಷ ಗೋಪಾಲಪ್ಪಗೌಡರ ಮಗ ರಾಮಕೃಷ್ಣಪ್ಪ. ಅವನ ಪಕ್ಕಕ್ಕೆ ಸದಾ ಅಂಟಿಕೊಂಡಿರುವವನು ಶ್ಯಾಮಣ್ಣ. ಅಣೆಕಟ್ಟಿನ ಕೆಲಸ ಯಾರಿಗೆ ಎಂಬುದು ಬಾವಿಯ ಕಪ್ಪೆಗಳಿಗೂ ಗೊತ್ತಿತ್ತು.

ಮಾಸ್ಟರಿಗೆ ಬರುತ್ತಿದ್ದದ್ದು ಇಂಗ್ಲಿಷು ಮತ್ತು ಮದರಾಸಿನ ತಮಿಳು. ಎರಡೂ ನಮ್ಮ ಹುಡುಗರಿಗೆ ಒಂದೇ ಥರ ಕೇಳಿಸುತ್ತಿದ್ದವು. ಹಾಗಾಗಿ ದುಭಾಷಿಯ ಕೆಲಸಕ್ಕೆ ನನ್ನನ್ನು ಹಿಡಿದರು. ನಾನು ಕೃಷ್ಣಗಿರಿಯಲ್ಲಿ ಬಿ.ಎ. ಮುಗಿಸಿ ಕೇರಿಯ ಕಟ್ಟೆಯ ಮೇಲೆ ಕೂತು, ಊರ ದೊಡ್ಡವರು ಕೆಮ್ಮುವುದು, ಕ್ಯಾಕರಿಸುವುದು, ಪಂಚೆ ಎತ್ತಿ ಕಟ್ಟುವುದು ಎಲ್ಲವನ್ನೂ ಅಣಕಿಸಿ ತೋರಿಸುತ್ತಿದ್ದೆ. ಈಗ ಅದಕ್ಕೇ ಕೂಲಿ. ನನ್ನ ಜಾಗ ಮಾತ್ರ ಎಲ್ಲಕ್ಕಿಂತ ಮೇಲಿನ ಮೆಟ್ಟಿಲು. ಅಲ್ಲಿಂದಲೇ ಕಿರುಚಬೇಕು. ವಿದ್ಯೆ ಕೆಳಗಿಳಿಯಬಹುದು, ವಿದ್ವಾಂಸ ಇಳಿಯಬಾರದು.

“ಮೂಗು ಹಿಡ್ಕೊಂಡು ಕಿವಿಯಿಂದ ಊದಬೇಕು!” ಎಂದು ಮಾಸ್ಟರ ಗಂಟಲಲ್ಲೇ ಕೂಗುತ್ತಿದ್ದೆ. ಹುಡುಗರು ಕಣ್ಣು ಹೊರಗೆ ಬರುವ ಹಾಗೆ ಊದುತ್ತಿದ್ದರು. ಕಾಲಿಗೆ ಬಾತುಕೋಳಿಯ ರಬ್ಬರು ಪಾದ ಹಾಕಿಕೊಂಡು ಮೆಟ್ಟಿಲಿಳಿಯುವಾಗ ಶ್ಯಾಮಣ್ಣ ಉರುಳಿದ. ಸಿಲಿಂಡರಿನ ಗಾಳಿಯನ್ನು ರಾಮಕೃಷ್ಣಪ್ಪ ನೀರಿಗಿಳಿಯುವ ಮೊದಲೇ, ಭಯಕ್ಕೆ, ಅರ್ಧ ಖಾಲಿ ಮಾಡಿದ.

ಎತ್ತುವುದನ್ನು ಕಲಿಸಲು ಮದರಾಸಿನಿಂದ ರಬ್ಬರಿನ ಬೊಂಬೆ ಬರಬೇಕಿತ್ತು. ಬರಲಿಲ್ಲ. ಅಷ್ಟರಲ್ಲಿ ಮಾಸ್ಟರ ಗಡಿಯಾರ ಕಳಚಿ ನೀರಿಗೆ ಬಿತ್ತು. ಹುಡುಗರು ಸಿಲಿಂಡರು ಬಿಗಿದುಕೊಳ್ಳುವಷ್ಟರಲ್ಲಿ, ಮೇಲೆ ನಿಂತು ನೋಡುತ್ತಿದ್ದ ಪಾಪಯ್ಯ ಯಾರನ್ನೂ ಕೇಳದೆ ಇಳಿದು ತಂದುಕೊಟ್ಟ. ಮಾಸ್ಟರು ಅವನನ್ನೇ ದಿಟ್ಟಿಸಿದರು. ಇವನೇ ನಮ್ಮ ಬೊಂಬೆ ಅಂದರು.

“ಕೊನೇ ದಿನ ಇವನಿಗೂ ಪರೀಕ್ಷೆ ಇಟ್ಟು ಸರ್ಟಿಫಿಕೇಟ್ ಕೊಡ್ತೀನಿ. ನನ್ನ ಮಾತು,” ಎಂದರು. ನಾನು ಅದನ್ನು ತಿಳಿಸಿದೆ. ಪಾಪಯ್ಯ ಪಾಸಯ್ಯನಾಗುವ ಆಸೆಗೆ ಬಿದ್ದದ್ದು ಹೀಗೆ.

ಗೌಡರಿಗೆ ಮಾತ್ರ ಎರಡು ಸಂಕಟ. ಕುಡಿಯುವ ನೀರಿನಲ್ಲಿ ದಿನಾ ಪಾಪಯ್ಯ. ಅದರ ಮೇಲೆ ಹುಡುಗರು ಅವನನ್ನು ಮುಟ್ಟುವುದು. ಮೊದಲನೆಯದಕ್ಕೆ ಪೂಜಾರಿ ಪರಿಹಾರ ಹೇಳಿದ: ಇಳಿಯುವವನು ಹೆಣದ ಲೆಕ್ಕ, ಹೆಣಕ್ಕೆ ಜಾತಿಯಿಲ್ಲ, ಸಂಜೆ ಅವನು ಹತ್ತಿಹೋದ ಮೇಲೆ ಒಂದು ಹಂಡೆ ಅರಿಸಿನ ಹುಯ್ದರೆ ಸಾಕು. ಎರಡನೆಯದಕ್ಕೆ ಗೌಡರೇ ಉಪಾಯ ಹೂಡಿದರು: ಪಾಪಯ್ಯನಿಗೆ ಗೋಣಿತಾಟು ಸುತ್ತುವುದು. ಹುಡುಗರು ಗೋಣಿಯನ್ನು ಹಿಡಿಯುತ್ತಾರೆ. ಗೋಣಿಯೊಳಗೆ ಪಾಪಯ್ಯನಿದ್ದರೆ ಅದು ಪಾಪಯ್ಯನ ಹಣೆಬರಹ.

ಅಲ್ಲಿಂದ ಅವನ ಹೆಣಗಾಟ. ಎದೆಯಿಂದ ಮೊಣಕಾಲಿನ ತನಕ ಒದ್ದೆ ಗೋಣಿ. ಒರಟು ನಾರು ತೊಡೆ, ಕಂಕುಳು ಎಲ್ಲ ಕೆತ್ತಿಹಾಕಿತು. ಉಸಿರು ಕಟ್ಟಿ ತಳದಲ್ಲಿ ಬಿದ್ದುಕೊಂಡರೆ, ಹುಡುಗರು ಗುಳುಗುಳು ಗುಳ್ಳೆ ಬಿಡುತ್ತ ಎಲ್ಲೆಲ್ಲೋ ಸುತ್ತುವರು. ಅವರ ಬೆನ್ನ ಮೇಲೆ ಗಾಳಿ, ಇವನ ಎದೆಯಲ್ಲಿ ಇದ್ದಷ್ಟೇ. ತಡೆಯಲಾರದೆ ಮೇಲೆ ಬಂದು ಒಂದು ಉಸಿರು ಎಳೆದುಕೊಂಡರೆ ಮಾಸ್ಟರು ಬಯ್ಯುವರು. ನಾನು ಕನ್ನಡದಲ್ಲಿ ಕಿರುಚಬೇಕು: “ಹೆಣ ಅಲ್ಲಾಡಬಾರದು!” ರಾಮಕೃಷ್ಣಪ್ಪ ಒಂದು ದಿನ ಎದೆಯ ಮೇಲೆ ಕಾಲಿಟ್ಟು ಮೀಟಿದ. ಒಂದು ಪಕ್ಕೆ ಬಾತುಕೊಂಡಿತು. ಶ್ಯಾಮಣ್ಣ ನಡುನೀರಿನಲ್ಲಿ ಹೆದರಿ ಗೋಣಿಗೇ ತೆಕ್ಕೆಬಿದ್ದ. ಪಾಪಯ್ಯ ತಳಕ್ಕೆ ಕಾಲು ಮೀಟಿ ಅವನನ್ನೂ ಹೊತ್ತು ಮೇಲಕ್ಕೆ ತಂದ. ಶ್ಯಾಮಣ್ಣ ಪಾಸು.

ಒಬ್ಬರ ಸಿಲಿಂಡರಿನಲ್ಲಿ ಇಬ್ಬರು ಉಸಿರಾಡುವ ಪಾಠವೂ ಇತ್ತು. ಬಾಯಿಗಿಡುವ ರಬ್ಬರನ್ನು ಒಬ್ಬನು ಚೀಪಿ ಇನ್ನೊಬ್ಬನಿಗೆ ಕೊಡಬೇಕು. ಹುಡುಗರು ಒಬ್ಬರ ಎಂಜಲು ಒಬ್ಬರು ಚೀಪಿದರು. ಪಾಪಯ್ಯನಿಗೆ ಬಲು ಆಸೆಯಾಯಿತು.

“ರಾಮಕೃಷ್ಣಪ್ಪನೋರೆ, ಒಂದೇ ಒಂದ್ ದಮ್ ಎಳ್ಕೊಂಡು ಕೊಡ್ತೀನಿ. ಹೆಂಗಿರ್ತೈತೆ ನೋಡ್ಬೇಕು.”

“ಬೀಡಿ ಅನ್ಕೊಂಡ್ಯೇನ್ಲಾ? ನಿನ್ನ ಬಾಯಿಟ್ರೆ ಇದನ್ನ ಮತ್ಯಾರ್ಲಾ ಮುಟ್ತಾರೆ?”

“ಹೆಣಕ್ಕೆ ಜಾತಿ ಇಲ್ವಂತಲ್ಲ ಬುದ್ಧಿ.”

“ಹೆಣಕ್ಕೆ ಉಸಿರೂ ಇಲ್ಲ. ಮಲ್ಕೊಳಲಾ.”

ಎಲ್ಲರೂ ನಕ್ಕರು. ಮಾಸ್ಟರು ಏನೆಂದು ಕೇಳಿದರು. ಹೆಣವು ಗಾಳಿ ಸೇವನೆಗೆ ಹೋಗಬೇಕಂತೆ ಎಂದೆ. ಅವರೂ ನಕ್ಕರು.

ಕೊನೆಯ ದಿನ ಶಾಮಿಯಾನ ಹಾಕಿಸಿದರು. ಜೀಪಿನಲ್ಲಿ ಜಿಲ್ಲಾ ಕಚೇರಿಯ ದೊಡ್ಡ ಸಾಹೇಬರು ಬಂದರು. ಬಾವಿಯ ಮೂರು ಕಡೆಯ ಮೆಟ್ಟಿಲಲ್ಲಿ ಊರು, ಮೇಲೆ ದೂರದಲ್ಲಿ ಕೇರಿ. ಕಾರ್ಯಕ್ರಮ ಸರಳ: ರಾಮಕೃಷ್ಣಪ್ಪ ಸಾಹೇಬರ ಎದುರು ಹೆಣ ಎತ್ತುವುದು, ಸರ್ಟಿಫಿಕೇಟು ಹಂಚುವುದು, ಟೀ.

ಅಂಜಮ್ಮ ಹಗ್ಗ ಹೆಗಲಿಗೆ ಹಾಕಿಕೊಂಡು ಮೇಲಿನಿಂದಲೇ ಕೂಗಿದಳು. “ಸ್ವಾಮೀ, ನಮ್ಮೆಜಮಾನ್ರುದು ಯಾವಾಗ ಪರೀಕ್ಷೆ?”

ಮಾಸ್ಟರು ಮುಜುಗರದಿಂದ ಸಾಹೇಬರ ಕಿವಿಯಲ್ಲಿ ಹೇಳಿದರು. ಸಾಹೇಬರು ಸಾವಧಾನವಾಗಿ ಉತ್ತರ ಕೊಟ್ಟರು. ಕಿರುಚುವ ಕೆಲಸ ನನ್ನದು. “ನಿಯಮದ ಪ್ರಕಾರ ಅಭ್ಯರ್ಥಿಯು ತರಬೇತಿಯಲ್ಲಿ ಒಬ್ಬರನ್ನಾದರೂ ನೀರಿನಿಂದ ಎತ್ತಿರಬೇಕು. ಈತ ದಿನವೂ ಎತ್ತಿಸಿಕೊಂಡಿದ್ದಾನೆ. ಯಾರನ್ನೂ ಎತ್ತಿಲ್ಲ.”

“ಈ ಊರಾಗೆ ಅರ್ಧ ಮನೇರ ಹೆಣ ಎತ್ತವ್ರೆ! ಇಲ್ಲೇ ಕುಂತವ್ರೆ, ಕೇಳಿ ನೋಡಿ!” ಎಂದಳು ಅಂಜಮ್ಮ.

“ಅವು ತರಬೇತಿಯ ಹೆಣಗಳಲ್ಲ,” ಎಂದರು ಸಾಹೇಬರು.

ಪಾಪಯ್ಯ ಗೋಣಿತಾಟು ಬಿಚ್ಚಿ, ಹಿಂಡಿ, ಮೆಟ್ಟಿಲ ಮೇಲೆ ಬಟ್ಟೆ ಒಣಗಿಸುವ ಹಾಗೆ ಹರವಿದ. ಬರಿಮೈಯಲ್ಲಿ ನೀರಿಗಿಳಿದ. ಮುಳುಗಿದ.

ರಾಮಕೃಷ್ಣಪ್ಪ ಸಾಹೇಬರಿಗೆ ಸಲಾಮು ಹೊಡೆದು ಮುಳುಗಿದ. ಗುಳ್ಳೆಗಳು ಬಂದವು. ಗುಳ್ಳೆಗಳು ಬಾವಿಯೆಲ್ಲ ಸುತ್ತಿದವು. ಕೊನೆಗೆ ಅವನೇ ಎದ್ದುಬಂದು ಬಾಯಿಯ ರಬ್ಬರು ಕಿತ್ತು, “ಇಲ್ಲ, ಕಾಣ್ತಾ ಇಲ್ಲ,” ಅಂದ. ಶ್ಯಾಮಣ್ಣ ಇಳಿದ. ಮಿಕ್ಕವರೂ ಇಳಿದರು. ಬಾವಿ ಅನ್ನದ ಎಸರಿನ ಹಾಗೆ ಕುದಿಯಿತು. ಹೆಣವಿಲ್ಲ. ಎಷ್ಟು ಉಸಿರು ಹಿಡಿದರೂ ಮನುಷ್ಯ ತಾಳುವ ಹೊತ್ತು ಮೀರಿತ್ತು.

ಸಾಹೇಬರು ಎದ್ದು ನಿಂತರು. ತಮ್ಮೆದುರೇ ನಿಜವಾದ ಹೆಣ. ಗೌಡರ ಮುಖ ಬಿಳಿಚಿತು. ಕುಡಿಯುವ ನೀರಿನ ತಳದಲ್ಲಿ ಒಂದು ದೇಹ. ಆಗ ಗೌಡರೇ ಎದೆ ಬಿರಿಯುವ ಹಾಗೆ ಕೂಗಿಕೊಂಡರು:

“ಯಾರಾದ್ರೂ ಓಡೋಗ್ರಲಾ! ಪಾಪಯ್ಯನ್ನ ಕರ್ಕೊಂಡ್ ಬರ್ರಲಾ!”

ಇಬ್ಬರು ಕೇರಿಯ ಕಡೆಗೆ ಓಡಿಯೂಬಿಟ್ಟರು. ನಡುದಾರಿಯಲ್ಲಿ ನೆನಪಾಗಿ ನಿಂತರು.

ಅಂಜಮ್ಮ ಮಾತ್ರ ಎಲೆಯಡಿಕೆ ಮೆಲ್ಲುತ್ತಿದ್ದಳು. ಆಗಲೇ ನನಗೆ ಅನುಮಾನ ಬಂದದ್ದು. ಪಡುವಣ ಗೋಡೆಯಲ್ಲಿ ನೀರಿನ ಕೆಳಗೆ ಒಂದು ಕಮಾನಿದೆ ಎಂದು ಪಾಪಯ್ಯ ಹಿಂದೆ ಜಂಬ ಕೊಚ್ಚಿದ್ದ. ನುಸುಳಿದರೆ ಒಳಗೆ, ಎತ್ತು ಕಟ್ಟಿ ಕಪಿಲೆಯಿಂದ ನೀರೆತ್ತುತ್ತಿದ್ದ ಕಾಲದ ಒಂದು ಕತ್ತಲೆ ಗೂಡು. ಚಪ್ಪಡಿಯ ಸಂದಿನಿಂದ ಗಾಳಿ. ಪಾಪಯ್ಯ ಅಲ್ಲಿ ಕೂತು, ತನ್ನನ್ನು ಹುಡುಕುವ ಸಡಗರವನ್ನು ಒಳ್ಳೆಯ ಕಿವಿಯಲ್ಲಿ ಕೇಳುತ್ತಿದ್ದ. ತನ್ನ ಹೆಸರು ಕೂಗಿದ್ದೇ ತಡ, ಬಾವಿಯ ನಡುವೆ ತಲೆ ಎತ್ತಿದ.

“ಬಂದೆ ಗೌಡ್ರೇ. ಯಾರು ಮುಳುಗಿರೋದು?”

ಕೇರಿಯವರ ನಗು ಮೇಲಿನಿಂದ ಕಲ್ಲು ಸುರಿದ ಹಾಗೆ ಸುರಿಯಿತು. ಸಾಹೇಬರು ಕೂತರು. ಗೌಡರು ನೀರಿನಂಚಿಗೆ ನುಗ್ಗಿದರು.

“ಮೇಲಕ್ ಬಾರ್ಲಾ, ಸಾಹೇಬರ್ ಮುಂದೆ ಮಾನ ತೆಗೆದೆಯಲ್ಲೋ! ಗೋಣಿ ಸುತ್ಕೊಂಡು ಇನ್ನೊಂದ್ ಸಲ ಮಲಗು!”

“ಮಲಗಲ್ಲ.”

“ಏನಂದೆ?”

“ಇನ್ಮೇಲೆ ನಾನ್ ಹೆಣ ಆಗಲ್ಲ. ನನ್ನ ಪರೀಕ್ಷೆ ಮಾಡ್ರಿ. ನಾನ್ ಎತ್ತಬೇಕು, ಅದಕ್ಕೆ ಒಂದ್ ಹೆಣ ಬೇಕು. ಊರೋರು ಯಾರ್ ಬತ್ತೀರಾ?”

ಮೂರು ಕಡೆಯ ಮೆಟ್ಟಿಲ ತುಂಬ ಜನ. ಎಲ್ಲರೂ ಬದುಕಿದ್ದರು.

ಮಾಸ್ಟರು ಕೇಳಿ ತಿಳಿದುಕೊಂಡು, ಸರಿಯಾದ ಮಾತೇ, ರಾಮಕೃಷ್ಣಪ್ಪ ಸಿಲಿಂಡರು ಕಟ್ಟಿಕೊಂಡು ಮಲಗಲಿ, ಕಷ್ಟವೇನು ಅಂದರು. ರಾಮಕೃಷ್ಣಪ್ಪ ಅಪ್ಪನ ಮುಖ ನೋಡಿದ. ಗೌಡರು ಪಂಚೆ ಎತ್ತಿ ಕಟ್ಟಿದರು. “ನನ್ನ ಮಗನ್ನ ಅವನು ಮುಟ್ಟಿ ಎತ್ತೋದಾ? ನನ್ನ ಹೆಣ ಬೀಳಲಿ ಬೇಕಾದ್ರೆ!”

ಸಾಹೇಬರು ನನ್ನ ಕಡೆ ತಿರುಗಿ, “ಎನ್ನ ಸೊಲ್ರಾರ್?” ಅಂದರು. ಏನು ಹೇಳುತ್ತಾರೆ? ನಾನು ಪಂಚೆ ಎತ್ತಿ ಕಟ್ಟಿದೆ. ಗೌಡರ ಕಂಠದಲ್ಲೇ, ಗೌಡರ ಕೆಮ್ಮನ್ನೂ ಸೇರಿಸಿ, ಒಂದು ಅಕ್ಷರ ಬಿಡದೆ ತಮಿಳಿನಲ್ಲಿ ಹೇಳಿದೆ. ಆ ಮಾತಿಗೆ ಜೈಲಿಗೆ ಹಾಕುವ ಕಾನೂನು ಸಾಹೇಬರ ಕಚೇರಿಯಲ್ಲೇ ಇತ್ತು. ಸಾಹೇಬರು ಕೇಳಿದರು. ಗಡಿಯಾರ ನೋಡಿಕೊಂಡರು. ಹೊಸೂರಿನಲ್ಲಿ ಇನ್ನೊಂದು ಸಭೆ ಇದೆ ಅಂದರು. ಜೀಪು ಹೋಯಿತು. ಟೀ ಉಳಿಯಿತು.

“ಕೇರಿಯೋರಲ್ಲೇ ಯಾರಾದ್ರೂ ಇಳೀರಲಾ,” ಎಂದ ಶ್ಯಾಮಣ್ಣ, ನನ್ನನ್ನು ನೋಡುತ್ತ. “ನಿಮ್ಮೋನೇ ಅಲ್ವಾ?”

“ನಮ್ಮೋರ್ನ ನಾವು ಎತ್ತೋದು ದಿನಾ ಇದ್ದಿದ್ದೇ,” ಎಂದ ಪಾಪಯ್ಯ. “ಊರಿನ ಹೆಣ ಬರೋಗಂಟ ನಾನ್ ಮೇಲಕ್ ಬರಲ್ಲ.” ಎಂದವನು ನೀರಿನೊಳಗಿನ ಮೆಟ್ಟಿಲ ಮೇಲೆ ಎದೆಮಟ್ಟ ಕೂತುಬಿಟ್ಟ.

ಆಗ ಎಲ್ಲರಿಗೂ ಅರ್ಥವಾಯಿತು. ಇಳಿದವನು ಹತ್ತಿದ ಮೇಲಲ್ಲವೇ ಶುದ್ಧಿ? ಅವನು ಹತ್ತದಿದ್ದರೆ ಶುದ್ಧಿಯಿಲ್ಲ. ಶುದ್ಧಿಯಿಲ್ಲದಿದ್ದರೆ ನೀರಿಲ್ಲ. ಈಗ ಅವನು ಹೆಣದ ಲೆಕ್ಕದಲ್ಲೂ ಇರಲಿಲ್ಲ. ಬಾಯಿ ತುಂಬ ಮಾತಾಡುತ್ತಿದ್ದ. ಅರಿಸಿನ ಕದಡಲು ನೀರು ತರುವುದಾದರೂ ಎಲ್ಲಿಂದ ಎಂದು ಪೂಜಾರಿ ಬರಿದಾದ ಹಂಡೆ ಹಿಡಿದು ನಿಂತ.

ಶ್ಯಾಮಣ್ಣ ಕಲ್ಲೊಂದನ್ನು ಎತ್ತಿಕೊಂಡ. ಪಾಪಯ್ಯ ನೆತ್ತಿ ತೋರಿಸಿದ.

“ಹೊಡಿ. ಸರ್ಯಾಗ್ ಹೊಡಿ. ಸತ್ರೆ ತಳಕ್ಕೋಗ್ ಕುಂತ್ಕೊತೀನಿ. ಆಮೇಲೆ ಎತ್ತೋರ್ ಯಾರು?”

ಶ್ಯಾಮಣ್ಣ ಕಲ್ಲನ್ನು ಕೆಳಗಿಟ್ಟ. ಹುಷಾರಾಗಿ, ನೀರಿಗೆ ಬೀಳದ ಹಾಗೆ.

ಹೊತ್ತು ಇಳಿಯಿತು. ಪಾಪಯ್ಯನ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿದವು. ತುಟಿ ನೀಲಿ. ಬಾತ ಪಕ್ಕೆಯನ್ನು ಒತ್ತಿ ಹಿಡಿದಿದ್ದ, ಹಲ್ಲು ಕಟಕಟ ಅನ್ನುತ್ತಿತ್ತು. ಅಂಜಮ್ಮ ಮೇಲಿನ ಮೆಟ್ಟಿಲಿನಿಂದ ಒಂದೊಂದೇ ಇಳಿದು ಬಂದು, ನೀರಿನಂಚಿಗೆ ಕೂತು ಅವನ ಸೊಂಟಕ್ಕೆ ಹಗ್ಗ ಕಟ್ಟಿದಳು. ಇನ್ನೊಂದು ತುದಿ ಅವಳ ಮುಂಗೈಗೆ. ಅವಳನ್ನು ಯಾರೂ ತಡೆಯಲಿಲ್ಲ. ತಡೆಯಬೇಕಾದವರೆಲ್ಲ ಬಾಯಾರಿದ್ದರು.

ಊರ ಹೆಂಗಸರು ಖಾಲಿ ಬಿಂದಿಗೆ ಹಿಡಿದು ಬಂದರು. ಒಲೆಯ ಮೇಲೆ ಎಸರಿಲ್ಲ. ದನಗಳು ಅರಚುತ್ತಿದ್ದವು. ಅವರು ಪಾಪಯ್ಯನನ್ನು ಬಯ್ದರು. ಆಮೇಲೆ ಗಂಡಂದಿರ ಕಡೆ ತಿರುಗಿದರು.

“ಇಷ್ಟ್ ಜನ ಗಂಡಸ್ರು ಇದ್ದೀರಿ, ಒಬ್ರು ಹೋಗಿ ಹೆಣ ಆಗಾಕಾಗಲ್ವಾ?” ಎಂದಳು ಶ್ಯಾಮಣ್ಣನ ಹೆಂಡತಿ ಮಂಗಮ್ಮ. “ಮನೇಲಿ ಹೆಂಗೂ ಹಂಗೇ ಬಿದ್ದಿರ್ತೀರಾ!”

ಗೌಡರ ಹೆಂಡತಿ ವರಲಕ್ಷ್ಮಮ್ಮ ಬಯ್ಯಲಿಲ್ಲ. ಬಿಂದಿಗೆಯನ್ನು ಠಣ್ಣೆಂದು ಕಲ್ಲ ಮೇಲೆ ಇಟ್ಟಳು. ಸೆರಗು ಸಿಕ್ಕಿಸಿದಳು. “ಸರಿ ಬಿಡ್ರಿ. ನಾನೇ ಹೆಣ ಆಗ್ತೀನಿ,” ಎಂದು ಮೆಟ್ಟಿಲಿಳಿಯತೊಡಗಿದಳು.

ರಾಮಕೃಷ್ಣಪ್ಪ “ಅಮ್ಮಾ!” ಎಂದು ಅರಚಿ ಅವಳನ್ನು ದಾಟಿಕೊಂಡು ಓಡಿ, ಸಿಲಿಂಡರೂ ಇಲ್ಲದೆ ನೀರಿಗೆ ಧುಮುಕಿದ.

ಪಾಪಯ್ಯ ಅವಸರ ಮಾಡಲಿಲ್ಲ. ಹೆಂಡತಿಯನ್ನು ನೋಡಿದ. ಅವಳು ಹಗ್ಗ ಸಡಿಲ ಬಿಟ್ಟಳು. ಮುಳುಗಿದ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ರಾಮಕೃಷ್ಣಪ್ಪನ ತಲೆ ನೀರಿನ ಮೇಲಿತ್ತು. ಅವನ ಕಂಕುಳ ಕೆಳಗೆ ಪಾಪಯ್ಯನ ತೋಳು. ನಡುವೆ ಗೋಣಿಯಿಲ್ಲ. ಚರ್ಮಕ್ಕೆ ಚರ್ಮ. ಎದೆಗೆ ಒತ್ತಿಕೊಂಡು ಮೆಟ್ಟಿಲು ಹತ್ತಿಸಿ, ಒಣ ಕಲ್ಲಿನ ಮೇಲೆ ಮಲಗಿಸಿದ. ಕುತ್ತಿಗೆ ಹೊರಳಿಸಿದ, ಹೊಟ್ಟೆ ಒತ್ತಿದ, ಬಾಯಿಗೆ ಕೈ ಹಾಕಿ ನೋಡಿದ. ನಿಜವಾದ ಹೆಣಗಳಿಗೆ ಇಷ್ಟು ಉಪಚಾರ ಅವನು ಎಂದೂ ಮಾಡಿರಲಿಲ್ಲ.

“ಪಾಸ್,” ಎಂದರು ಮಾಸ್ಟರು. ಅದನ್ನು ಅನುವಾದಿಸುವ ಅಗತ್ಯ ಬೀಳಲಿಲ್ಲ. ಅಲ್ಲೇ ಕೂತು ಸರ್ಟಿಫಿಕೇಟಿನ ಮೇಲೆ ಹೆಸರು ಬರೆದರು. ಕೊಡುತ್ತ, ಅಣೆಕಟ್ಟಿನ ಕೆಲಸ ತನ್ನ ಕೈಯಲ್ಲಿಲ್ಲ, ಅದನ್ನು ಕೊಡುವವರು ಬೇರೆ, ಅದು ಆಗಲೇ ತೀರ್ಮಾನವಾದಂತಿದೆ ಎಂದು ನನ್ನ ಮೂಲಕ ತಿಳಿಸಿದರು.

“ಕಾಗ್ದ ಕೊಡಾಕೇಳು,” ಎಂದ ಪಾಪಯ್ಯ, ಹಲ್ಲು ಕಡಿಯುತ್ತ. “ಕೆಲ್ಸಕ್ಕೆ ಅಣೆಕಟ್ಟಿನಾಗೇ ಹೋಗ್ ಕುಂತ್ಕೊತೀನಿ. ಅದ್ರ ನೀರು ಬಾಳ ಊರ್ಗೋಗ್ತೈತೆ.”

ರಾಮಕೃಷ್ಣಪ್ಪ ಇನ್ನೂ ಮಲಗಿಯೇ ಇದ್ದ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದ. ಎದೆ ಏರಿ ಇಳಿಯುತ್ತಿತ್ತು, ರೆಪ್ಪೆ ಅದುರುತ್ತಿತ್ತು. ಆದರೂ ಏಳಲಿಲ್ಲ. ಎದ್ದರೆ ಜೀವ ಇರುವಾಗಲೇ ಪಾಪಯ್ಯನಿಂದ ಮುಟ್ಟಿಸಿಕೊಂಡ ಹಾಗೆ. ಮಲಗಿದ್ದರೆ ಹೆಣ.

ಅಂಜಮ್ಮ ಹಗ್ಗ ಸುತ್ತಿಕೊಳ್ಳುತ್ತ ಅವನ ಮೇಲೆ ಬಗ್ಗಿದಳು.

“ಏಳಪ್ಪೋ. ಪರೀಕ್ಷೆ ಮುಗೀತು.”

ಅವನು ಏಳಲಿಲ್ಲ. ವರಲಕ್ಷ್ಮಮ್ಮ ಬಿಂದಿಗೆ ಎತ್ತಿಕೊಂಡು ಒಂದು ಗಳಿಗೆ ಮಗನನ್ನು ನೋಡಿದಳು. ಆಮೇಲೆ ಶುದ್ಧಿಗೂ ಕಾಯದೆ, ಅವನನ್ನು ದಾಟಿಕೊಂಡು ನೀರಿಗೆ ಇಳಿದಳು.